ಉಬ್ಬಬಾರದ ಬ್ಯಾಟರಿ

ಉಣಕಲ್ ಕೆರೆಯತ್ತ ಮುಖ ಮಾಡಿರುವ ನಮ್ಮ ಪ್ರಯೋಗಾಲಯದಲ್ಲಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಪುಟ್ಟ ಲಿಥಿಯಂ ಬ್ಯಾಟರಿ ಮಾಡುತ್ತೇವೆ. ನಾನು ಕಿಟಕಿಯಲ್ಲಿ ಕೆರೆ ನೋಡುತ್ತ ಕನಸಿಗೆ ಜಾರುತ್ತೇನೆ. ಅಷ್ಟರಲ್ಲಿ ಏನಾದರೊಂದು ಫಜೀತಿ ಆಗಿಯೇ ಬಿಡುತ್ತದೆ.

ಕಾಕಾನ ಕಿವಿ

ಕನಸೆಲ್ಲ ನಮ್ಮ ಕಾಕಾನ ಕಿವಿಯಂತ್ರದ್ದು. ಅದರ ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತದೆ. ಸಂಜೆ ಹರಟೆಕಟ್ಟೆಯಲ್ಲಿ ಗೆಳೆಯರ ನಡುವೆ ಕಾಕಾ ಸುಮ್ಮನೆ ತಲೆಯಾಡಿಸುತ್ತ ಕೂರುತ್ತಾರೆ.

"ಸಂಜಿಗೂ ನಡಿಯೂವಂಥಾ ಬ್ಯಾಟರಿ ಮಾಡಾಕತ್ತೇನಿ, ಕಾಕಾ" ಎಂದೆ.

"ಲಗೂ ಮಾಡಪಾ! ನಿನ್ನೆ ತಲಿ ಆಡಿಸಿದ್ದಕ್ಕ ನನ್ನ ಗಣಪತಿ ಮಂಡಳಿ ಅಧ್ಯಕ್ಷ ಮಾಡಿಬಿಟ್ಟಾರ."

ಒಣ ಕೋಣೆ

ಲಿಥಿಯಂಗೆ ತೇವ ಆಗಿಬರುವುದಿಲ್ಲ. ಅದಕ್ಕೇ ಹೊರಗೆ ಜಿಟಿಜಿಟಿ ಮಳೆಯಿದ್ದರೂ ಬ್ಯಾಟರಿ ಕಟ್ಟುವ ನಮ್ಮ ಕೋಣೆ ಸದಾ ಒಣಗಿರುತ್ತದೆ. ಅಲ್ಲಿ ತುಟಿ ಒಡೆಯುತ್ತದೆ, ಕನಸೂ ಗರಿಗರಿಯಾಗುತ್ತದೆ. ನಮ್ಮ ಸಾಹೇಬರು ಮಹಾ ಕಟ್ಟುನಿಟ್ಟು. ಬ್ಯಾಟರಿ ಕೆಟ್ಟು ನನ್ನ ಕಣ್ಣು ತುಂಬಿದಾಗ ಗದರಿದರು:

"ಅಳೂದಿದ್ರ ಹೊರಗ ಹೋಗಿ ಅಳ್ರಿ! ಇಲ್ಲಿ ತೇವ ನಡ್ಯಂಗಿಲ್ಲ."

ಉಬ್ಬಿದ್ದು

ಶ್ರಾವಣದಲ್ಲಿ ನಮ್ಮ ಚಪ್ಪಟೆ ಬ್ಯಾಟರಿಗಳು ಪೂರಿಯಂತೆ ಉಬ್ಬತೊಡಗಿದವು. ತೇವ ಸೇರಿದ ಲಕ್ಷಣ ಅದು. ಇನ್ನೊಮ್ಮೆ ಉಬ್ಬಿದರೆ ಕೆಲಸ ನಿಲ್ಲಿಸಿ ಎಂದರು ಮೇಲಿನವರು. ಕಾಕಾನ ಸಂಜೆಗಳು ಕೈತಪ್ಪಿದಂತೆಯೇ. ಬಾಗಿಲ ಬಳಿಯ ತೇವ ಅಳೆಯುವ ಮೀಟರ್ ಮಾತ್ರ ಎಲ್ಲ ಸರಿ ಎನ್ನುತ್ತಿತ್ತು. ಕೊನೆಗೆ ಸ್ಟೂಲ್ ಹತ್ತಿ, ನಾವು ಬ್ಯಾಟರಿ ಕಟ್ಟುವ ಮೇಜಿನ ಮೇಲಿನ ಕಪಾಟು ತೆರೆದೆ. ಬಿಳಿ ಧೋತರದ ಮೇಲೆ ಸಾಲುಸಾಲು ಹಸಿ ಸಂಡಿಗೆ!

ಸಾಹೇಬರ ಮುಖ ಸಂಡಿಗೆಗಿಂತ ಬೆಳ್ಳಗಾಯಿತು.

"ಈ ಮಳ್ಯಾಗ ಒಣಗವಲ್ವು ಅಂತ ಮನ್ಯಾಗ ಒಂದ ಸಮನ ಗಂಟುಬಿದ್ದಿದ್ರು. ಇಡೀ ಹುಬ್ಬಳ್ಳಿ-ಧಾರವಾಡದಾಗ ಒಣಾ ಜಾಗಾ ಅಂದ್ರ ಇದೊಂದ ನೋಡ್ರಿ..."

ಸಂಡಿಗೆ ಹೊರಗೆ ಹೋಯಿತು. ಮುಂದಿನ ಬ್ಯಾಟರಿ ಚಪ್ಪಟೆಯಾಗಿಯೇ ಉಳಿಯಿತು, ಕಾಕಾನ ಕಿವಿಗೂ ಸೇರಿತು.

ಆ ಸಂಜೆ ಸಾಹೇಬರೇ ಕರಿದ ಸಂಡಿಗೆಯ ಡಬ್ಬಿ ಹಿಡಿದು ಕಟ್ಟೆಗೆ ಬಂದರು. ಕಾಕಾ ಒಂದನ್ನು ಕಡಿದು ಕಣ್ಣರಳಿಸಿದರು.

"ಖರೇನ! ಕರುಂ ಕುರುಂ ಅನ್ನೂದು ಕೇಳಾಕತ್ತೈತಿ!"

ನನಗೆ ಹಿಡಿಸಲಾರದಷ್ಟು ಸಂತೋಷ. ದೂರದಲ್ಲಿ ಕೆರೆ ಹೊಂಬಣ್ಣಕ್ಕೆ ತಿರುಗಿತ್ತು. ಆಗ ಗೆಳೆಯರೊಬ್ಬರು ಕೇಳಿದರು: "ಛಲೋ ಆತು, ಅಧ್ಯಕ್ಷರ. ಹಂಗಾರ ಪೆಂಡಾಲು, ಮೆರವಣಿಗಿ, ಎಲ್ಲಾ ನಿಮ್ಮ ಜವಾಬ್ದಾರಿ, ಹೌದಲ್ರಿ?"

ಕಾಕಾ ನಿಧಾನವಾಗಿ ಇನ್ನೊಂದು ಸಂಡಿಗೆ ಎತ್ತಿಕೊಂಡು, ಕಿವಿ ಮುಟ್ಟಿ ತೋರಿಸಿದರು.

"ಏನಂದ್ರಿ? ಬ್ಯಾಟರಿ ಮುಗದೈತ್ರಿ!"