ಟ್ಯಾಂಕಿಗೆ ಕಮಲಾಪುರದ ಸಗಣಿ

ಗಾಳಿಯೂದುವ ಮೋಟಾರು ಸುಟ್ಟು, ಉಸಿರಿಗೆ ಗಾಳಿಯಿಲ್ಲದೆ ಮೌನೇಶನ ಹುಳುಗಳೆಲ್ಲ ಸತ್ತುಹೋದವು. ಕಲಬುರಗಿ ಹತ್ತಿರದ ಕೋಟನೂರಿನ ಆಚೆ, ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ ಅವನು ಆಪರೇಟರ್. ಟ್ಯಾಂಕಿನಲ್ಲಿ ಕಣ್ಣಿಗೆ ಕಾಣದ ಹುಳುಗಳು ಊರಿನ ಹೊಲಸನ್ನೆಲ್ಲ ತಿಂದು ಮುಗಿಸಿದರೆ ಮಾತ್ರ ಆ ನೀರನ್ನು ಹೊಳೆಗೆ ಬಿಡಬಹುದು. ಮೋಟಾರೇನೋ ರಿಪೇರಿಯಾಯಿತು, ತಿನ್ನುವವರೇ ಇರಲಿಲ್ಲ. ಟ್ಯಾಂಕು ನಾರತೊಡಗಿತು.

"ಸೋಮವಾರ ತಪಾಸಣಿಯವ್ರು ಬಂದು ನೀರಿನ ಸ್ಯಾಂಪಲ್ ತಗೋತಾರ," ಎಂದು ಇಂಜಿನಿಯರ್ ಮಹಾದೇವ ಸಾಹೇಬರು ಗುಡುಗಿದರು. "ಹೊಳಿಗಿ ಹೊಲಸು ನೀರು ಹೋದ್ರ ನಿನ್ನ ನೌಕರಿನೂ ಅದರ ಜೋಡಿನೇ ಹರಕೊಂಡು ಹೋಗ್ತದ, ನೋಡ್ಕೊ."

ಹೊಸ ಹುಳು ಹುಟ್ಟಬೇಕಾದರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ, ಟ್ಯಾಂಕಿಗೆ ಹಸಿ ಸಗಣಿ ಕಲಸಬೇಕು. ಸಗಣಿ ಕಲಬುರಗಿಯಲ್ಲೂ ಸಿಗುತ್ತಿತ್ತು. ಆದರೆ ಹೊಲಸು ನೀರಿಗೆ ಸಗಣಿ ಸುರಿಯುವ ಸುದ್ದಿ ಬ್ರಹ್ಮಪುರದ ಅವನ ಓಣಿಗೆ ಮುಟ್ಟಿದರೆ ಮುಗಿಯಿತು, ತಲೆ ಎತ್ತಿ ತಿರುಗುವಂತಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದವನೇ ಎರಡು ಡಬ್ಬಿ ಹಿಡಿದು ಕಮಲಾಪುರದ ಅತ್ತೆ ಮನೆಗೆ ಹೋದ.

ಡಬ್ಬಿ ನೋಡಿದ ಅತ್ತೆ ಚಂದಮ್ಮ, ಅಳಿಯ ಹಾಲಿಗೆ ಬಂದನೆಂದೇ ತಿಳಿದಳು.

"ಹಾಲಲ್ಲರಿ ಅತ್ತಿ, ಎಮ್ಮಿ ಹೆಂಡಿ ಬೇಕಾಗಿತ್ತು."

"ಅಯ್ಯ ಶಿವನೇ! ಮದುವ್ಯಾಗ ವಾಚ್ ಕೊಟ್ರ ಮಾರಿ ಊದಿಸ್ಕೊಂಡು ಕುಂತಿದ್ರಿ. ಈಗ ಹೆಂಡಿ ಕೇಳ್ಕೋತ ಬಂದೀರಲ್ರೀ!"

ಮಗಳ ಹಣೆಬರಹಕ್ಕೆ ಮರುಗುತ್ತಲೇ ಆಕೆ ಎರಡೂ ಡಬ್ಬಿಗೆ ಸಗಣಿ ತುಂಬಿ ಕೊಟ್ಟಳು.

ಮರಳುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವನು ಯಾರೆಂದುಕೊಂಡಿರಿ? ಅವನದೇ ಓಣಿಯ ಫಿನೈಲ್ ವ್ಯಾಪಾರಿ ಅಲ್ಲಾಬಕ್ಷ. ಕಷ್ಟ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕರೆಯದಿದ್ದರೂ ಓಡಿಬರುವ ಪುಣ್ಯಾತ್ಮ.

"ಡಬ್ಬ್ಯಾಗ ಏನದಪಾ?"

"ಮನಿ ಗಿಡಕ್ಕ ಗೊಬ್ಬರ, ಚಾಚಾ."

"ಮತ್ತ ಮಾರಿ ಯಾಕ ಹಿಂಗ ಬಾಡ್ಯದ?"

ಮೌನೇಶನಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. "ಪ್ಲಾಂಟ್ ನಾರಾಕತ್ತದ. ಸೋಮವಾರ ತಪಾಸಣಿಗಿ ಸಾಹೇಬ್ರು ಬರ್ತಾರ. ನೌಕರಿ ಉಳಿಯಂಗ ಕಾಣಂಗಿಲ್ಲ, ಚಾಚಾ."

"ಇಷ್ಟಕ್ಕ ಫಿಕರ್ ಮಾಡ್ತೀ? ನಾವೆಲ್ಲ ಸತ್ತೀವೇನು?" ಎಂದು ಅಲ್ಲಾಬಕ್ಷ ಬೆನ್ನು ತಟ್ಟಿದ.

ಪ್ಲಾಂಟಿಗೆ ಬಂದು ಮೌನೇಶ ಸಗಣಿ ಸುರಿದ, ರಟ್ಟೆ ಬೀಳುವ ತನಕ ಗಳದಿಂದ ಕಲಸಿದ. ಇನ್ನು ಹುಳುಗಳಿಗೆ ಬಿಟ್ಟಿದ್ದೆಂದು ಮನೆಗೆ ಹೋಗಿ, ಸ್ನಾನ ಮಾಡಿ, ಉಂಡು ಒಂದು ಗಳಿಗೆ ಅಡ್ಡಾದ. ಎಷ್ಟೋ ದಿನದ ಮೇಲೆ ಒಳ್ಳೆಯ ನಿದ್ದೆ ಬಂತು.

ಸಂಜೆ ತಿರುಗಿ ಬಂದರೆ ಗೇಟಿನ ಹತ್ತಿರವೇ ಫಿನೈಲ್ ವಾಸನೆ ಘಮ್ಮೆಂದಿತು. ಟ್ಯಾಂಕಿನತ್ತ ಓಡಿದ. ಟ್ಯಾಂಕು ಹಾಲಿನಂತೆ ಬೆಳ್ಳಗಾಗಿತ್ತು. ದಂಡೆಯ ತುಂಬ ಖಾಲಿ ಕ್ಯಾನುಗಳು, ನಡುವೆ ತೋಳು ಮಡಚಿದ ಅಲ್ಲಾಬಕ್ಷ.

"ಬಾ ಬಾ! ವಾಸನಿ ಹೋತೋ ಇಲ್ಲೋ ನೋಡು! ಎರಡು ಕ್ಯಾನ್ ಸಾಕಾಗ್ತಿತ್ತು. ಯಾವನೋ ಬದ್ಮಾಶ್ ಹೆಂಡಿ ಸುರದು ಹೋಗ್ಯಾನ, ಅದಕ್ಕ ಅಂಗಡ್ಯಾಗ ಇದ್ದದ್ದೆಲ್ಲ ತಂದು ಹಾಕ್ದೆ. ಇನ್ನ ಒಂದು ಹುಳಾನೂ ಉಳಿಯಂಗಿಲ್ಲ!"

ತನಗಾಗಿ ಅಂಗಡಿಯನ್ನೇ ಬರಿದು ಮಾಡಿದವನಿಗೆ ಏನೆಂದು ಬೈಯುವುದು? ಫಿನೈಲ್ ನೀರು ಹರಿದುಹೋಗದಂತೆ ಮೌನೇಶ ಹೊಳೆಯ ಕಡೆಯ ವಾಲ್ವು ಬಿಗಿಯಾಗಿ ಮುಚ್ಚಿ, ಡಬ್ಬಿಗಳನ್ನು ಎತ್ತಿಕೊಂಡ.

"ಎಲ್ಲಿಗಿ ಹೊಂಟಿ?"

"ಕಮಲಾಪುರಕ್ಕ. ಗಿಡಕ್ಕ ಗೊಬ್ಬರ ಸಾಲಲಿಲ್ಲ."

ಅಲ್ಲಾಬಕ್ಷ ಅವನ ಕೈಯಿಂದ ಒಂದು ಡಬ್ಬಿ ಕಿತ್ತುಕೊಂಡ. "ತಡಿ, ಒಬ್ಬನೇ ಯಾಕ ಹೋಗ್ತೀ? ನಾನೂ ಬರ್ತೀನಿ."