ಸಂತೆ ಸರಿಸಲು ಹೋದ ಸಂಯೋಜಕ

ನನ್ನ ಹುದ್ದೆಯ ಹೆಸರು ಹೇಳುವಾಗಲೆಲ್ಲ ನನಗೇ ಸ್ವಲ್ಪ ಅನುಮಾನ ಬರುತ್ತದೆ. ಮಾಸ್ತರ ಎಂದರೆ ಕಲಿಸುತ್ತಾರೆ, ಕಂಡಕ್ಟರ್ ಎಂದರೆ ಟಿಕೆಟ್ ಕೊಡುತ್ತಾರೆ. ಪಟ್ಟಣ ಪಂಚಾಯತಿಯ ಕಾರ್ಯಕ್ರಮ ಸಂಯೋಜಕ ಏನು ಮಾಡುತ್ತಾನೆ? ಮದುವೆಯಾದ ಹೊಸದರಲ್ಲಿ ನಮ್ಮ ಮಾವನವರು ನೆಂಟರ ಮುಂದೆ, ‘ನಮ್ಮ ಅಳಿಯಂದಿರು ಊರಾಗಿನ ಕಾರ್ಯಕ್ರಮ ಎಲ್ಲಾ ಮಾಡಸ್ತಾರ್ರಿ’ ಎಂದು ಹೆಮ್ಮೆಯಿಂದ ಹೇಳಿಬಿಟ್ಟರು. ಆ ವರ್ಷ ಕೆಲವರು ಮದುವೆಗೆ ಪೆಂಡಾಲು, ಮೈಕು ಬೇಕೆಂದು ನನ್ನ ಬಳಿಯೇ ಬಂದರು. ಒಬ್ಬರಿಗಂತೂ ಇಲ್ಲ ಎನ್ನಲಾಗದೆ ಓಡಾಡಿ ಕೊಡಿಸಿದೆ. ನಿಜ ಹೇಳಬೇಕೆಂದರೆ ನನ್ನ ಕೆಲಸ ಅದಕ್ಕಿಂತ ಬಹಳ ಬೇರೆಯೂ ಅಲ್ಲ. ಸರ್ಕಾರಕ್ಕೆ ಒಂದು ಆಲೋಚನೆ ಹೊಳೆದಿರುತ್ತದೆ, ಜನರಿಗೆ ಇನ್ನೊಂದು. ಇಬ್ಬರನ್ನೂ ಒಂದು ಕಡೆ ಕೂಡಿಸಿ ಚಹಾ ಕುಡಿಸುವವನು ನಾನು.

ಎಷ್ಟು ಚಹಾ ಕುಡಿಸಿದರೂ ಕೈಗೂಡದೆ ಹೋದದ್ದು ಬುಧವಾರದ ಸಂತೆ. ನಮ್ಮದು ಕುಂದಗೋಳದ ಕಡೆಯ ಸಣ್ಣ ಪಟ್ಟಣ. ಸಂತೆ ಕೂಡುವುದು ಹುಬ್ಬಳ್ಳಿಗೆ ಹೋಗುವ ರಸ್ತೆಯ ಮೇಲೆಯೇ. ರಸ್ತೆಯ ಎರಡು ಬದಿ ಎನ್ನುವುದು ಹೆಸರಿಗೆ ಮಾತ್ರ. ಹೊತ್ತೇರುತ್ತಿದ್ದಂತೆ ಟೊಮೆಟೊ, ಮೆಣಸಿನಕಾಯಿ, ಬಳೆ, ಬುಟ್ಟಿ ಎಲ್ಲ ನಡುವಿಗೆ ಬಂದು, ದಪ್ಪನೆಯವರು ಓರೆಯಾಗಿ ನಡೆಯಬೇಕಾಗುತ್ತದೆ. ಊರ ಹೊರಗೆ ಹೊಸ ಸಂತೆ ಬಯಲು ಸಿದ್ಧವಾಗಿತ್ತು. ಎಲ್ಲರನ್ನೂ ಅಲ್ಲಿಗೆ ಒಯ್ಯುವ ಕೆಲಸವನ್ನು ಮುಖ್ಯಾಧಿಕಾರಿಗಳು ನನಗೆ ಒಪ್ಪಿಸಿದರು. ನಾನು ಸಭೆ ಕರೆದು, ಹೊಸ ಬಯಲಿನ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸಿದೆ. ವ್ಯಾಪಾರಿಗಳು ನೋಡಿದರು, ‘ಚಲೋ ಐತ್ರಿ’ ಎಂದರು, ಬುಧವಾರ ಬಂದು ಮತ್ತೆ ರಸ್ತೆಯ ಮೇಲೆಯೇ ಕೂತರು.

ಅವರಿಗೆಲ್ಲ ಹಿರಿಯಳು ಉಳ್ಳಾಗಡ್ಡಿ ಮಾರುವ ಗಂಗವ್ವ. ಊರಿಗೆಲ್ಲ ಆಕೆ ಆಯಿ. ನಾನು ಬಗ್ಗಿ ನಿಂತು, ‘ಆಯಿ, ನೀವು ಹೋದ್ರ ಎಲ್ಲಾರೂ ಹೋಗ್ತಾರ’ ಎಂದೆ. ಆಕೆ ಉಳ್ಳಾಗಡ್ಡಿಯ ಸಿಪ್ಪೆ ಉಜ್ಜುತ್ತ, ‘ಸಂತಿ ಅಂದ್ರ ಕಪಾಟೇನ್ರಿ ಸಾಹೇಬ್ರ, ಎತ್ತಿ ಆ ಕಡಿ ಇಡಾಕ?’ ಎಂದು ಕೇಳಿದಳು. ಒಂದು ಕಿಲೋ ಉಳ್ಳಾಗಡ್ಡಿ ಕೊಂಡು ಮನೆಗೆ ಬಂದೆ.

ಆಮೇಲೆ ಕಚೇರಿಯಿಂದ ಬ್ಯಾಟರಿಯ ಕೈಮೈಕು ತಂದು, ಸಂತೆಯ ನಡುವೆಯೇ ನಿಂತು ಪ್ರಚಾರ ಮಾಡತೊಡಗಿದೆ. ಅಂಥದೊಂದು ಬುಧವಾರ ಬಸ್ ನಿಲ್ದಾಣದ ಕಡೆಯಿಂದ ಆಂಬುಲೆನ್ಸಿನ ಸದ್ದು ಕೇಳಿಸಿತು. ಒಳಗೆ ಪಕ್ಕದ ಹಳ್ಳಿಯ ಹೆಣ್ಣುಮಗಳು ಇದ್ದಾಳೆಂದು ಮುಂದೆ ಓಡಿಬಂದ ಹುಡುಗನೊಬ್ಬ ನನಗೂ ಪಕ್ಕದಲ್ಲಿದ್ದ ಆಯಿಗೂ ಹೇಳಿದ. ಚೊಚ್ಚಲ ಹೆರಿಗೆ ಕಷ್ಟವಾಗಿ, ತಡ ಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದು ಇಲ್ಲಿಯ ವೈದ್ಯರು ಕಳಿಸಿದ್ದರು. ಹಳ್ಳದ ಸೇತುವೆ ರಿಪೇರಿಗೆಂದು ಇನ್ನೊಂದು ದಾರಿ ಬಂದ್ ಆಗಿತ್ತು. ಸಂತೆ ದಾಟದೆ ಗತಿಯಿರಲಿಲ್ಲ. ಕೈಮೈಕು ಬಾಯಿಗೆ ಹಿಡಿದು, ‘ಸಾರ್ವಜನಿಕರು ದಯವಿಟ್ಟು ಸಹಕರಿಸಬೇಕು’ ಎಂದೆ. ಆ ಗದ್ದಲದಲ್ಲಿ ಅದು ನನಗೇ ಕೇಳಿಸಲಿಲ್ಲ.

ಆಗ ಆಯಿ ಎದ್ದು ನಿಂತಳು. ಕೂಗಲಿಲ್ಲ. ಕೆಳಗೆ ಹಾಸಿದ್ದ ತಾಡಪತ್ರಿಯ ತುದಿ ಹಿಡಿದು ಉಳ್ಳಾಗಡ್ಡಿಯನ್ನೆಲ್ಲ ಒಂದೇ ಎಳೆತಕ್ಕೆ ಗೋಡೆಯ ಕಡೆಗೆ ಎಳೆದು, ಬಾಜೂದವಳಿಗೆ, ‘ಬಸರಿ ಹೆಣ್ಮಗಳು ಅದಾಳಬೇ ಗಾಡ್ಯಾಗ’ ಎಂದಳು. ಅಷ್ಟೇ. ಆ ಮಾತು ಬಾಯಿಂದ ಬಾಯಿಗೆ ಗಾಡಿಗಿಂತ ಮುಂದೆ ಓಡಿತು. ತಾಡಪತ್ರಿಗಳು ಮಡಚಿಕೊಂಡವು, ಬಳೆಯವನು ಅಂಗಡಿಯನ್ನೇ ತಲೆಯ ಮೇಲಿಟ್ಟುಕೊಂಡ, ಕೊಳ್ಳಲು ಬಂದವರು ಕೈಚೀಲ ಹೆಗಲಿಗೇರಿಸಿ ಗುರುತಿಲ್ಲದವರ ಬದನೆಕಾಯಿ ಬುಟ್ಟಿ ಎತ್ತಿದರು. ಜಾಗಕ್ಕಾಗಿ ವಾರವಾರವೂ ಜಗಳವಾಡುವ ಇಬ್ಬರು ಒಂದೇ ಚೀಲದ ಎರಡು ತುದಿ ಹಿಡಿದಿದ್ದರು. ನೋಡುತ್ತಿದ್ದಂತೆ ಕಪ್ಪನೆಯ ಡಾಂಬರು ರಸ್ತೆ ಉದ್ದಕ್ಕೂ ತೆರೆದುಕೊಂಡಿತು. ಬುಧವಾರ ಆ ರಸ್ತೆಯನ್ನು ನಾನು ಕಂಡದ್ದು ಅದೇ ಮೊದಲು. ಬೆರಗಾಗಿ ಬಾಯಿ ತೆರೆದು ನಿಂತಿದ್ದೆ. ಯಾರೋ ನನ್ನ ರಟ್ಟೆ ಹಿಡಿದರು. ಆಯಿ.

‘ಸಾಹೇಬ್ರ, ಹಾದ್ಯಾಗ ನೀವೊಬ್ರ ಉಳದೀರಿ. ಸರೀರಿ.’

ಸರಿದೆ. ಗಾಡಿ ಬ್ರೇಕು ಕೂಡ ಹಾಕದೆ ನಮ್ಮನ್ನು ದಾಟಿ ಹೋಯಿತು. ಅದರ ಸದ್ದು ದೂರವಾಗುವ ಮೊದಲೇ ಸಂತೆ ಮತ್ತೆ ರಸ್ತೆಗೆ ಇಳಿದು, ಯಾರ ಮಾಲು ಯಾರಿಗೆ ಸೇರಬೇಕೋ ಅವರಿಗೆ ಸೇರಿ, ಚೌಕಾಸಿ ನಿಂತಲ್ಲಿಂದಲೇ ಮುಂದುವರಿಯಿತು. ನನಗೆ ಮಾತ್ರ ಮೈಮೇಲಿನ ಕೂದಲು ಇನ್ನೂ ನೆಟ್ಟಗೇ ಇತ್ತು.

ಮುಂದಿನ ಬುಧವಾರ ಆ ಹೆಣ್ಣುಮಗಳ ತಂದೆ ಪೇಢೆ ಹಿಡಿದುಕೊಂಡು ಕಚೇರಿಗೆ ಬಂದರು. ‘ಹೆಣ್ಣು ಕೂಸು ಆಗೇತ್ರಿ. ತಾಯಿ, ಮಗಳು ಇಬ್ಬರೂ ಆರಾಮ ಅದಾರ. ನೀವು ಹಾದಿ ಮಾಡಿ ಕೊಟ್ರಂತ’ ಎಂದು ಕೈಮುಗಿದರು. ನಾನು ನಾಚಿ, ಅವರನ್ನು ನೇರವಾಗಿ ಆಯಿಯ ಹತ್ತಿರ ಕರೆದೊಯ್ದೆ. ಆಕೆ ಪೇಢೆ ಬಾಯಿಗೆ ಹಾಕಿಕೊಂಡು, ‘ಯಾವ ಗಾಡಿರಿ?’ ಎಂದು ಸ್ವಲ್ಪ ಯೋಚಿಸಿದಳು. ‘ಹಾಂ, ಅದಾ. ಹಾದಿ ಬೇಕಾಗಿತ್ತು, ಬಿಟ್ವಿ. ಕೂಸಿಗೆ ದೃಷ್ಟಿ ತಗೀರಿ’ ಎಂದಳು. ಆ ತಂದೆ ಅಲ್ಲೇ ಕಣ್ಣೊರೆಸಿಕೊಂಡರು.

ಆಯಿಯ ಬಾಯಿ ಸಿಹಿಯಾಗಿರುವಾಗಲೇ ಕೇಳಿಬಿಡೋಣ ಎಂದು, ‘ಹಂಗಾದ್ರ ಹೊಸಾ ಜಾಗಕ್ಕ ಹೋಗಾಕ ಯಾಕ ಒಲ್ರಿ ಆಯಿ?’ ಎಂದೆ.

‘ನೀವು ಒಂದು ಬುಧವಾರ ಅಲ್ಲಿ ಕುಂತು ನೋಡ್ರಿ.’

ಕೂತು ನೋಡಿದೆ. ಮರವಿಲ್ಲ, ನಲ್ಲಿಯಿಲ್ಲ, ಹೆಣ್ಣುಮಕ್ಕಳು ಹೋಗಲು ಒಂದು ಮರೆಯಿಲ್ಲ. ನಾನು ತೋರಿಸಿದ ಚಿತ್ರಗಳಲ್ಲಿ ಬಿಸಿಲು ಇರಲೇ ಇಲ್ಲ. ಊಟದ ಹೊತ್ತಿಗಿಂತ ಮೊದಲೇ ತಲೆ ಸುತ್ತಿ ಎದ್ದು ಬಂದೆ. ಆಮೇಲೆ ಮುಖ್ಯಾಧಿಕಾರಿಗಳ ಬೆನ್ನು ಬಿಡಲಿಲ್ಲ. ‘ನೀವೂ ಒಮ್ಮಿ ಕುಂತು ಬರ್ರಿ ಸರ್’ ಎಂದು ದಿನವೂ ಕಾಡಿದೆ. ಕೊನೆಗೆ ಶೀಟಿನ ನೆರಳು, ನೀರು, ಶೌಚಾಲಯ ಎಲ್ಲವೂ ಆದವು. ಇನ್ನುಳಿದದ್ದು ಉದ್ಘಾಟನೆ. ಗಣ್ಯರ ದಿನಾಂಕ, ರಿಬ್ಬನ್ನು, ಹಾರ, ಸ್ವಾಗತಗೀತೆ ಎಂದು ನಾನು ಓಡಾಡುತ್ತಲೇ ಇದ್ದೆ.

ಆ ಗಡಿಬಿಡಿಯಲ್ಲೇ ಒಂದು ಬುಧವಾರ ಹೆಂಡತಿ ಕೈಗೆ ಚೀಲ ಕೊಟ್ಟು ಎರಡು ಕಟ್ಟು ಮೆಂತೆ ಪಲ್ಯ ತರಲು ಕಳಿಸಿದಳು. ಹೋಗಿ ನೋಡಿದರೆ ರಸ್ತೆ ಖಾಲಿ. ಒಂದು ಬುಟ್ಟಿಯಿಲ್ಲ, ಒಂದು ದನಿಯಿಲ್ಲ. ಊರಿಗೆ ಏನಾಯಿತೋ ಎಂದು ಹೆದರಿ, ಅಷ್ಟಗಲದ ರಸ್ತೆಯಲ್ಲಿ ಚೀಲ ಹಿಡಿದು ನಿಂತೆ. ಚಹಾ ಅಂಗಡಿಯವರಿಗೆ ನನ್ನನ್ನು ನೋಡಿ ಪಾಪ ಎನ್ನಿಸಿರಬೇಕು.

‘ಸಂತಿ ಹೊಸಾ ಜಾಗಕ್ಕ ಹೋಗೇತ್ರಿ ಸಾಹೇಬ್ರ. ಮುಂಜಾನೆ ಆಯಿ ಹೋಗಿ ಕುಂತ್ಳು, ಹಿಂದ ಎಲ್ಲಾರೂ ಹ್ವಾದ್ರು. ಯಾಕ, ನಿಮಗ ಯಾರೂ ಹೇಳಿಲ್ಲೇನ್ರಿ?’