ಜಾಲರಿಯ ಆಚೆ ಈಚೆ

"ಈ ಸಲ ನಮ್ಮನೆ ಪಾರಿವಾಳದ ಮರಿಗಳನ್ನ ನೋಡಿ ಊರೇ ಮೂಗಿನ ಮೇಲೆ ಬೆರಳಿಡ್ಬೇಕು!" ಎಂದು ದರ್ಜಿ ಕತ್ತರಿ ಎತ್ತಿ ಘೋಷಿಸಿದ. ಜೋಡಿ ಕಟ್ಟುವ ಕಾಲ ಬರುವವರೆಗೆ ಗಂಡು ಹೆಣ್ಣು ಬೇರೆ ಬೇರೆ ಇರಬೇಕು. ಒಂದರ ಮುಖ ಇನ್ನೊಂದಕ್ಕೆ ಕಾಣಬಾರದು, ದನಿಯೂ ಕೇಳಬಾರದು. ದೂರವಿದ್ದಷ್ಟೂ ಪ್ರೀತಿ ಉಕ್ಕುತ್ತದೆ ಎಂಬುದು ಅವನ ಮಹಾಸಿದ್ಧಾಂತ.

ಗಂಡುಗಳು ಮಹಡಿಯ ಗೂಡಿನಲ್ಲೇ ಉಳಿದವು. ಹೆಣ್ಣುಗಳನ್ನು ಉಗ್ರಾಣಕ್ಕೆ ಬಿಟ್ಟರೆ, ಮೇಲಿನ ಗಂಡುಗಳ 'ಗುಟರ್‌ಗೂ' ಕೂಗು ಕಿಟಕಿಯಿಂದ ನೇರ ಒಳಗೆ! ಸದ್ದು ತಲುಪದ ಜಾಗ ಮನೆಯಲ್ಲಿ ಒಂದೇ, ಗಂಡ ಹೆಂಡತಿ ಮಲಗುವ ಕೋಣೆ.

"ಹಾಗಾದ್ರೆ ನಾನೆಲ್ಲಿ ಮಲಗ್ಲಿ?" ಎಂದಳು ಹೆಂಡತಿ.

"ಹಿಂದಿನ ರೂಮಲ್ಲಿ, ನಿಮ್ಮಕ್ಕನ ಜೊತೆ. ಜೋಡಿ ಕಟ್ಟೋ ತನಕ ಅಷ್ಟೇ ಕಣೇ!"

"ಅಲ್ಲಾ, ನೀವು ಬೇರೆ ಮಾಡ್ತಿರೋದು ಪಾರಿವಾಳಾನೋ, ನಮ್ಮನ್ನೋ?"

ದರ್ಜಿ ನಕ್ಕುಬಿಟ್ಟ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಿಗೆ ಬಿಡಿಸಿ, ಸಿಂಹಾಸನ ತೊರೆದ ಮಹಾರಾಜನ ಗತ್ತಿನಲ್ಲಿ ಮಲಗಿದ. ಆದರೆ ದೀಪ ಆರಿಸಿದರೆ ಸಾಕು, ಹಿಂದಿನ ರೂಮಿನಿಂದ ಅಕ್ಕತಂಗಿಯರ ಕಿಲಕಿಲ ಶುರು. ಹೆಂಡತಿ ಉಸಿರು ಕಟ್ಟುವಂತೆ ನಗುತ್ತಿದ್ದಳು. ತಾನು ಅವಳನ್ನು ಹಾಗೆ ನಗಿಸಿದ್ದು ಯಾವಾಗ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅವನಿಗೆ ಬೇಜಾರಾಯಿತು.

ಅಂತೂ ಜೋಡಿ ಕಟ್ಟುವ ದಿನ ಬಂತು. ದರ್ಜಿ 'ಮದುಮಗ' ಗಂಡು ಪಾರಿವಾಳವನ್ನು ಕಂಕುಳಲ್ಲಿ ಅವುಚಿಕೊಂಡು ಕೋಣೆಯ ಬಾಗಿಲು ತೆರೆದರೆ, ಬೀರುವಿನ ಮೇಲೆ, ಅವನ ಮದುವೆಯ ಕೋಟಿನ ಮಡಿಕೆಯಲ್ಲಿ, ಅವನ ಮುದ್ದಿನ ಪಾರಿವಾಳ 'ರಾಣಿ' ಮತ್ತು ಒಂದು ಕಂದು ಹೆಣ್ಣು ಒತ್ತಿಕೊಂಡು ಕೂತಿವೆ. ಕೆಳಗೆ ನಾಲ್ಕು ಮೊಟ್ಟೆ! ಮದುಮಗ ಕೊರಳು ಉಬ್ಬಿಸಿ, ಸುತ್ತು ಹೊಡೆದು, ತಲೆಬಾಗಿದ. ರಾಣಿ ರೆಕ್ಕೆಯಿಂದ ಫಟ್ ಎಂದು ಬಾರಿಸಿದಳು. ಮದುಮಗ ಮಂಚದಡಿ ಸೇರಿದ.

"ಅಯ್ಯೋ, ಹೆಣ್ಣೆರಡೂ ಜೋಡಿಯಾಗ್ಬಿಟ್ಟಿವೆ! ಗಂಡಿಲ್ಲದೆ ಇಟ್ಟ ಈ ಮೊಟ್ಟೆ ಮರಿ ಆಗಲ್ಲ!" ಎಂದ ದರ್ಜಿ.

"ಪಾಪ, ಜೊತೆಗಿದ್ದೋರ ಜೊತೆ ಹೊಂದ್ಕೊಂಡಿವೆ," ಎಂದಳು ಹೆಂಡತಿ ಮೆಲ್ಲಗೆ. "ಮುಂದೇನು?"

"ಮಧ್ಯೆ ಜಾಲರಿ ಹಾಕಿ ಗಂಡನ್ನ ಆಚೆ ಬಿಡ್ಬೇಕು. ಅವನು ದಿನಾ ಕೂಗಿ ಕೂಗಿ, ಕೊನೆಗೆ ಹೆಣ್ಣು ತಾನಾಗೇ ಒಪ್ಪಬೇಕು. ಬಲವಂತ ನಡೆಯಲ್ಲ."

ಪಾರಿವಾಳಗಳನ್ನೆಲ್ಲ ಮಹಡಿಗೆ ಸಾಗಿಸಿ, ಕೋಣೆ ತೊಳೆದು, ಹೊಸ ಹೊದಿಕೆ ಹಾಸಿ, ದರ್ಜಿ ಹಿಂದಿನ ರೂಮಿನ ಬಾಗಿಲಿಗೆ ಬಂದ. "ಕೋಣೆ ಖಾಲಿಯಾಯ್ತು. ಬಾರೇ."

ಹೆಂಡತಿ ಸೊಳ್ಳೆ ಜಾಲರಿಯ ಬಾಗಿಲನ್ನು ಅವನ ಮೂಗಿನೆದುರೇ ಎಳೆದು ಚಿಲಕ ಹಾಕಿದಳು. "ಬಲವಂತ ನಡೆಯಲ್ಲ ಕಣ್ರೀ. ದಿನಾ ಬಂದು ಅಲ್ಲೇ ಕೂತು ಮಾತಾಡಿ. ನೋಡೋಣ!"

ದರ್ಜಿ ಸ್ಟೂಲು ಎಳೆದು ಕೂತ. ಗಂಟಲು ಸರಿಮಾಡಿಕೊಂಡ. ಕೊನೆಗೆ ಗತಿಯಿಲ್ಲದೆ ಕೊರಳು ಉಬ್ಬಿಸಿ, "ಗುಟರ್‌ಗೂ..." ಎಂದ.

ಒಳಗೆ ಹೆಂಡತಿ ಉಸಿರು ಕಟ್ಟುವಂತೆ ನಕ್ಕಳು. ಆದರೆ ಚಿಲಕ ತೆಗೆಯಲಿಲ್ಲ!